ಮೇಲಿನ ಮೆಟ್ಟಿಲ ನೀರು

ಒಮಾನಿಗೆ ಬಂದ ಮೇಲೆ ಸ್ಯಾವಿಯೋಗೆ 'ಕೂತುಕೋ' ಎಂದು ಹೇಳಿದ ಊರು ಒಂದೇ ಒಂದು. ಉಳಿದ ಕಡೆಯೆಲ್ಲ ಅಲ್ಲಿ ನಿಲ್ಲು, ಇಲ್ಲಿ ಇಳಿಸು, ಹಿಂದಿನ ಬಾಗಿಲಿಗೆ ಬಾ, ಬೆಲ್ ಮಾಡಬೇಡ ಮಗು ಮಲಗಿದೆ. ರುಸ್ತಾಕಿನಲ್ಲಿ ಉಮ್ಮರ್ ಬ್ಯಾರಿಯ ದಿನಸಿ ಅಂಗಡಿಯ ಪಿಕಪ್ ಓಡಿಸುವವನಿಗೆ ಬೇರೆ ಯಾವ ಮಾತು ಸಿಗುತ್ತದೆ? ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟ ಶಿರ್ವದ ಹುಡುಗ ಎಂದು ಗೊತ್ತಾದ ಮೇಲಂತೂ ನಮ್ಮ ಕಡೆಯ ಜನ ದನಿಯನ್ನೇ ಬದಲಾಯಿಸುತ್ತಾರೆ. ಕಿವುಡನ ಹತ್ತಿರ ಮಾತಾಡಿದ ಹಾಗೆ ಜೋರಾಗಿ, ಬಿಡಿಸಿ ಬಿಡಿಸಿ ಮಾತಾಡುತ್ತಾರೆ.

ಖದ್ರಾ ಮಾತ್ರ ಹಾಗಲ್ಲ. ರುಸ್ತಾಕ್ ದಾಟಿ, ಒಣಹೊಳೆಯ ಕಲ್ಲುದಾರಿ ಹಿಡಿದು, ಎದೆ ನಡುಗಿಸುವ ತಿರುವುಗಳನ್ನು ಹತ್ತಿದರೆ ಬೆಟ್ಟದ ಕಂಕುಳಲ್ಲಿ ಅಡಗಿಸಿಟ್ಟ ಹಾಗೆ ಆ ಹಳ್ಳಿ ಇದೆ. ಮಣ್ಣಿನ ಬಣ್ಣದ ಮನೆಗಳು, ಒಂದರ ಹೆಗಲ ಮೇಲೆ ಇನ್ನೊಂದು. ಕೆಳಗೆ ಪಾವಟಿಗೆಗಳಾಗಿ ಇಳಿಯುವ ಖರ್ಜೂರದ ತೋಟ, ಮರಗಳ ನಡುವೆ ಲಿಂಬೆ, ದಾಳಿಂಬೆ, ಆಡಿನ ಹುಲ್ಲು. ಊರಿನಲ್ಲಿ ಸದ್ದು ಎಂದರೆ ನೀರಿನದ್ದು. ಬೆಟ್ಟದ ಹೊಟ್ಟೆಯಿಂದ ಸುರಂಗದಲ್ಲಿ ಹೊರಟುಬರುವ ನೀರು ಮೊಳದಗಲದ ಗಾರೆ ಕಾಲುವೆ ಹಿಡಿದು ಊರಿಡೀ ಸುತ್ತುತ್ತದೆ. ಅದಕ್ಕೆ ಅಲ್ಲಿಯವರು ಫಲಜ್ ಎನ್ನುತ್ತಾರೆ.

ಆ ನೀರಿಗೆ ಒಂದು ಕ್ರಮ ಇದೆ. ಸುರಂಗದ ಬಾಯಿಯಿಂದ ಬೆಳಕಿಗೆ ಬಂದ ಕೂಡಲೇ ಕಲ್ಲಿನ ಮೆಟ್ಟಿಲಿರುವ ಜಾಗ ಸಿಗುತ್ತದೆ. ಅಲ್ಲಿ ಕೊಡ ಮುಳುಗಿಸಬಹುದು, ಕುಡಿಯಬಹುದು, ಅಷ್ಟೆ. ಕಾಲು ಕೂಡ ಇಳಿಬಿಡುವ ಹಾಗಿಲ್ಲ. ಅದರ ಕೆಳಗೆ ಮಸೀದಿ, ನಮಾಜಿಗೆ ಮುಂಚೆ ಕೈಕಾಲು ತೊಳೆಯುವ ಜಾಗ. ಅದರ ಕೆಳಗೆ ಸ್ನಾನದ ಗೋಡೆಗಳು. ಅದರ ಕೆಳಗೆ ಬಟ್ಟೆ, ಪಾತ್ರೆ. ಕೊನೆಗೆ ತೋಟ. ಯಾರ ತೋಟಕ್ಕೆ ಯಾವ ಹೊತ್ತಿಗೆ ನೀರು ತಿರುಗಿಸಬೇಕು ಎಂದು ನೋಡಿಕೊಳ್ಳುವವರು ಖಲ್ಫಾನ್ ಅಜ್ಜ. ಊರಿನವರು ಅವರನ್ನು 'ಶೈಬಾ' ಎನ್ನುತ್ತಾರೆ, ನಾವು ಅಜ್ಜ ಎನ್ನುವ ಹಾಗೆ. ಸ್ಯಾವಿಯೋ ಬಾಯಲ್ಲಿ ಶೈಬಾ ಎಂದು ಕರೆದು ಮನಸ್ಸಿನಲ್ಲಿ ಅಜ್ಜ ಎಂದುಕೊಳ್ಳುತ್ತಿದ್ದ. ಸುರಂಗದ ಬಾಯಿಯಿಂದ ತೋಟದ ತುದಿಯವರೆಗೆ ಅವನನ್ನು ನಡೆಸಿಕೊಂಡು ಹೋಗಿ ನೀರಿನ ಕ್ರಮ ತೋರಿಸಿದವರು ಅವರೇ.

ಮೊದಲ ಸಲ ಹಿಟ್ಟಿನ ಮೂಟೆ ಇಳಿಸಿ ಬೆವರು ಒರೆಸುತ್ತ ನಿಂತವನನ್ನು ಅಜ್ಜ ಜಗಲಿಗೆ ಕರೆದು ಚಾಪೆಯ ಮೇಲೆ ಕೂರಿಸಿದ್ದರು. ಸುತ್ತ ಊರಿನ ಗಂಡಸರಿದ್ದರು. ಸ್ವಂತ ಗಾಡಿ ಇದ್ದವರು, ಸರ್ಕಾರಿ ಕೆಲಸದವರು. ಕಾಫಿಯ ಮೊದಲ ಕಪ್ಪು ಅವರಾರಿಗೂ ಹೋಗದೆ ಸೀದಾ ಸ್ಯಾವಿಯೋನ ಕೈಗೆ ಬಂತು. ಯಾಕೆ ಬಂದೆ, ಎಷ್ಟು ಓದಿದ್ದೀ ಎಂದು ಒಬ್ಬರೂ ಕೇಳಲಿಲ್ಲ. ಹಿಡಿಯಿಲ್ಲದ ಪುಟ್ಟ ಕಪ್ಪು. ಖಾಲಿಯಾದ ಕೂಡಲೇ ಅಜ್ಜ ಮತ್ತೆ ತುಂಬಿಸುವರು. ಸಾಕೆನಿಸಿದರೆ ಕಪ್ಪನ್ನು ಬೆರಳಲ್ಲಿ ಹಿಡಿದು ಅತ್ತಿತ್ತ ಅಲುಗಿಸಿ ಕೊಡಬೇಕು. ಅದು ಗೊತ್ತಿಲ್ಲದೆ ಹೊಟ್ಟೆ ಉಬ್ಬುವಷ್ಟು ಕುಡಿದವನ ಮಣಿಕಟ್ಟನ್ನು ಅಜ್ಜನೇ ಹಿಡಿದು ಅಲುಗಿಸಿ ತೋರಿಸಿದರು. 'ಯಾ ವಲದಿ' ಎಂದರು. ನನ್ನ ಮಗನೇ ಎಂದು ಅರ್ಥ. ಆವತ್ತು ಬೆಟ್ಟ ಇಳಿಯುವಾಗ ಪಿಕಪ್ಪಿನೊಳಗೆ ಸ್ಯಾವಿಯೋ ಒಬ್ಬನೇ ಅತ್ತಿದ್ದ. ಅಳು ಬಂತಲ್ಲ ಎಂದು ಸಿಟ್ಟೂ ಬಂದಿತ್ತು.

ಅಂಥ ಊರಿಗೆ ಅವನು ಆಲ್ಫ್ರೆಡ್‌ನ ಸಂಸಾರವನ್ನು ಕರೆದುಕೊಂಡು ಹೋದ.

ಆಲ್ಫ್ರೆಡ್ ಮಸ್ಕತ್ತಿನ ಒಂದು ಕಂಪನಿಯಲ್ಲಿ ಅಡ್ಮಿನ್ ಮ್ಯಾನೇಜರ್. ಅಲ್ ಅಜೈಬಾದಲ್ಲಿ ಮನೆ. ಊರಲ್ಲಿ ಇಬ್ಬರದ್ದೂ ಒಂದೇ ಇಗರ್ಜಿ. ಅವನ ಕಂಪನಿಗೆ ಒಬ್ಬ ಡ್ರೈವರ್ ಬೇಕಿತ್ತು. ಆಫೀಸಿನ ಕಾರು, ಎಸಿ ಕೋಣೆ, ಜೇಬಿನ ಮೇಲೆ ಹೆಸರು ಹೊಲಿದ ಅಂಗಿ. "ನಾನೊಂದು ಮಾತು ಹೇಳಿದ್ರೆ ಆಯ್ತು ಪುತಾ, ನೋಡುವಾ," ಎನ್ನುತ್ತಿದ್ದ ಆಲ್ಫ್ರೆಡ್. ಆ ಒಂದು ಮಾತು ಮಾತ್ರ ಅವನ ಗಂಟಲು ಬಿಟ್ಟು ಹೊರಗೆ ಬಂದದ್ದಿಲ್ಲ. ಅದರ ಆಸೆಗೆ ಸ್ಯಾವಿಯೋ ಅವರ ಸೋಫಾ ಹೊತ್ತಿದ್ದಾನೆ, ಏರ್‌ಪೋರ್ಟಿನಿಂದ ಅತ್ತೆಯನ್ನು ತಂದು ಬಿಟ್ಟಿದ್ದಾನೆ, ಹೊಸ ತೆನೆಯ ಮೊಂತಿ ಹಬ್ಬಕ್ಕೆ ಕಬ್ಬಿನ ಕಟ್ಟು ಇಳಿಸಿದ್ದಾನೆ. ಅವನಿಗೆ ಚಾ ಬರುತ್ತಿದ್ದದ್ದು ಪಾರ್ಕಿಂಗಿಗೆ, ಕಾಗದದ ಲೋಟದಲ್ಲಿ. ಕೊಡುವಾಗ ಆಲ್ಫ್ರೆಡ್‌ನ ಹೆಂಡತಿ ಇಸಾಬೆಲ್ಲಾ, "ಪಾಪ, ನೈಂತ್‌ಗೇ ಬಿಟ್ಟದ್ದಲ್ವಾ ನೀನು," ಎಂದು ಪ್ರತಿ ಸಲವೂ ಹೊಸದಾಗಿ ನೆನಪು ಮಾಡಿಕೊಳ್ಳುತ್ತಿದ್ದಳು.

ಹೋದ ಬೇಸಗೆಯಲ್ಲಿ ಅವರೆಲ್ಲ ಗ್ರೀಸಿಗೆ ಹೋಗಿ ಬಂದರು. ಯಾವುದೋ ದ್ವೀಪದ ಹಳ್ಳಿಯಲ್ಲಿ ಉಳಿದಿದ್ದರಂತೆ. ಅಂದಿನಿಂದ ಇಸಾಬೆಲ್ಲಾಳ ಬಾಯಲ್ಲಿ ಅದೇ ಜಪ: ಸುಣ್ಣದ ಗೋಡೆ, ನೀಲಿ ಬಾಗಿಲು, ಆಲಿವ್ ಮರದ ಗುಡ್ಡೆ, ಮೆಟ್ಟಿಲ ಮೇಲೆ ಮಲಗಿದ ಬೆಕ್ಕು. ಇಲ್ಲಿಯೂ ಅಂಥದ್ದೊಂದು ಹಳ್ಳಿ ನೋಡಬೇಕು, ಟೂರಿಸ್ಟುಗಳು ಹಾಳು ಮಾಡದ್ದು ಬೇಕು ಎಂದು ಹಟ ಹಿಡಿದಳು.

"ನೀನು ಸಾಮಾನು ಹಾಕುವ ಆ ಊರು ಹೇಗುಂಟು ಪುತಾ? ಗ್ರೀಸಿನ ಹಾಗೆ ಉಂಟಾ?" ಎಂದು ಆಲ್ಫ್ರೆಡ್ ಕೇಳಿದ.

"ನಾನು ಗ್ರೀಸ್ ನೋಡ್ಲಿಲ್ಲ ಅಂಕಲ್."

"ಅದು ಗೊತ್ತುಂಟು ಮಾರಾಯಾ," ಎಂದು ಆಲ್ಫ್ರೆಡ್ ನಕ್ಕ. "ಆಂಟಿಯನ್ನೊಮ್ಮೆ ಕರ್ಕೊಂಡು ಹೋಗಿ ತೋರಿಸು. ಅವಳಿಗೆ ಖುಷಿಯಾದ್ರೆ ನಿನ್ನ ಕೆಲಸ ಆಯ್ತೂಂತಲೇ ಲೆಕ್ಕ."

ಸ್ಯಾವಿಯೋ ಒಪ್ಪಿದ. ತನ್ನದು ಎನ್ನುವ ಒಂದೇ ಒಂದು ಜಾಗವನ್ನು ಅಂಗಿಯ ಮೇಲಿನ ಹೆಸರಿಗಾಗಿ ಅಡವಿಡುತ್ತಿದ್ದೇನೆ ಎಂದು ಅವನಿಗೆ ಗೊತ್ತಿತ್ತು. ಒಂದು ಬೆಳಗ್ಗಿನ ಮಾತಲ್ಲವೇ, ಜೋಪಾನವಾಗಿ ಒಯ್ದು ಜೋಪಾನವಾಗಿ ತಂದರಾಯಿತು ಎಂದು ತನಗೆ ತಾನೇ ಹೇಳಿಕೊಂಡ.

ಶುಕ್ರವಾರ ಬೆಳಿಗ್ಗೆ ಅವರ ಪ್ರಾಡೋ ಕಾರು ರುಸ್ತಾಕ್ ತಲುಪಿತು. ಬೆಟ್ಟದ ದಾರಿ ಎಂದರೆ ಆಲ್ಫ್ರೆಡ್‌ಗೆ ಹೆದರಿಕೆ. ಸ್ಟಿಯರಿಂಗ್ ಸ್ಯಾವಿಯೋಗೆ ಬಿಟ್ಟು ಪಕ್ಕದಲ್ಲಿ ಕುಳಿತ. ಹಿಂದೆ ಇಸಾಬೆಲ್ಲಾ, ಮಗಳು ವನೆಸ್ಸಾ. ವನೆಸ್ಸಾ ಹತ್ತನೇ ಕ್ಲಾಸು. ಕಿವಿಯಲ್ಲಿ ಇಯರ್‌ಫೋನ್ ಸಿಕ್ಕಿಸಿಕೊಂಡು ಕಿಟಕಿಗೆ ತಲೆ ಆನಿಸಿದ್ದಳು.

"ಅಲ್ಲಿ ಗ್ರೀಸಲ್ಲಿ ಒಂದು ಅಜ್ಜಿ," ಎಂದು ಇಸಾಬೆಲ್ಲಾ ಶುರು ಮಾಡಿದಳು, "ನಮ್ಮ ಭಾಷೆಯೂ ಬರುದಿಲ್ಲ, ಪರಿಚಯವೂ ಇಲ್ಲ. ಬಾಗಿಲು ತೆಗ್ದು ಒಳಗೆ ಕರ್ದು ಕಾಫಿ ಕೊಟ್ಳು, ಅಂಜೂರ ಕೊಟ್ಳು. ಎಷ್ಟು ಪ್ರೀತಿ ಗೊತ್ತುಂಟಾ?"

"ಮಮ್ಮಿ, ದಟ್ ವಾಸ್ ಪಾರ್ಟ್ ಆಫ್ ದ ಪ್ಯಾಕೇಜ್," ಎಂದಳು ವನೆಸ್ಸಾ, ಕಣ್ಣು ತೆರೆಯದೆ.

"ಪ್ಯಾಕೇಜ್ ಆದ್ರೆ ಎಂತ? ಪ್ರೀತಿ ಪ್ರೀತಿಯೇ ಅಲ್ವಾ."

ತಿರುವುಗಳು ಶುರುವಾದವು. ಡಿಕ್ಕಿಯಲ್ಲಿದ್ದ ಡಬ್ಬಗಳು ಅತ್ತಿಂದಿತ್ತ ಸರಿದು, ಯಾವುದರದ್ದೋ ಮುಚ್ಚಳ ಸಡಿಲಾಗಿ, ಎಸಿಯ ತಂಪಿನೊಳಗೆ ಒಂದು ವಾಸನೆ ಹರಡಿತು. ಸ್ಯಾವಿಯೋ ಮೂಗಿಗೆ ಆ ವಾಸನೆ ಹೊಸತಲ್ಲ. ಮದುವೆ, ಅದರ ಹಿಂದಿನ ದಿನದ ರೋಸ್, ಊರಿನ ಹಬ್ಬ, ಎಲ್ಲ ಒಟ್ಟಿಗೆ ನೆನಪಾಗಿ ಬಾಯಲ್ಲಿ ನೀರೂರಿತು. ಮರುಕ್ಷಣ ಎಲ್ಲಿಗೆ ಹೋಗುತ್ತಿದ್ದೇವೆ ಎನ್ನುವುದು ನೆನಪಾಯಿತು.

"ಆಂಟಿ, ಅದು ದುಕ್ರಾ ಮಾಸಾ?"

"ಹೌದಪ್ಪ, ಬಫಾತ್ ಮಾಡಿದ್ದು. ಸಣ್ಣಾಂ ಸಹ ಉಂಟು. ನಿನಗೂ ಹಾಕ್ತೇನೆ, ಹೆದರ್ಬೇಡ."

"ಹಾಗಲ್ಲ ಆಂಟಿ. ಅದು ಮುಸ್ಲಿಮರ ಊರು. ಹಂದಿ ಮಾಂಸ ಅಲ್ಲಿ ಬಿಚ್ಚುದು ಬೇಡ. ಕೆಳಗೆ ಹೊಳೆಯ ಹತ್ರ ಒಂದು ಮರ ಉಂಟು, ವಾಪಸ್ ಬರುವಾಗ ಅಲ್ಲಿ ಕೂತು ಊಟ ಮಾಡುವಾ."

"ನಾವೆಂತ ಕದ್ದು ತಂದದ್ದಾ? ಲುಲು ಮಾರ್ಕೆಟಲ್ಲಿ ಬೇರೆಯೇ ಕೋಣೆ ಇಟ್ಟು ಮಾರ್ತಾರೆ," ಎಂದಳು ಇಸಾಬೆಲ್ಲಾ.

"ಮಾರ್ಲಿ ಆಂಟಿ, ಊರೊಳಗೆ ಬೇಡ. ಮತ್ತೆ ಅಲ್ಲಿ ಮೇಲೆ ಮೆಟ್ಟಿಲು ಇರುವಲ್ಲಿ ನೀರಿಗೆ ಕೈಕಾಲು ಹಾಕ್ಲಿಕ್ಕಿಲ್ಲ. ಅದು ಕುಡಿಯುವ ನೀರು. ತೊಳಿಯುದೆಲ್ಲ ಕೆಳಗೆ."

"ಆಯ್ತು ಗೈಡ್ ಸಾಹೇಬ್ರೇ," ಎಂದ ಆಲ್ಫ್ರೆಡ್. "ನೈಂತಲ್ಲಿ ಬಿಟ್ರೂ ಭಾಷಣಕ್ಕೆ ಎಂತ ಕಡಿಮೆ ಇಲ್ಲ ಇವನಿಗೆ."

ಅಲ್ಲೇ ಗಾಡಿ ತಿರುಗಿಸಬೇಕಿತ್ತು. ಡಬ್ಬ ಇಳಿಸದೆ ಮುಂದೆ ಹೋಗುವುದಿಲ್ಲ ಎನ್ನಬೇಕಿತ್ತು. ಸ್ಯಾವಿಯೋ ನಾಲಿಗೆ ಕಚ್ಚಿಕೊಂಡು ಗೇರ್ ಬದಲಾಯಿಸಿದ. ಹೆಸರು ಹೊಲಿದ ಅಂಗಿ ಕಣ್ಣ ಮುಂದೆ ಹ್ಯಾಂಗರಿನಲ್ಲಿ ತೂಗುತ್ತಿತ್ತು.

ಊರು ಎಂದಿನಂತೆ ಮೌನವಾಗಿತ್ತು. ಗಾಡಿಯ ಬಾಗಿಲು ಮುಚ್ಚಿದ ಸದ್ದು ಬೆಟ್ಟಕ್ಕೆ ಬಡಿದು ವಾಪಸ್ ಬಂತು. ಇಸಾಬೆಲ್ಲಾ ಇಳಿದ ಕೂಡಲೇ ಮೊಬೈಲ್ ಎತ್ತಿದಳು. ಕೆತ್ತನೆಯ ಬಾಗಿಲಿನ ಫೋಟೋ, ಒಣಗಲು ಹಾಕಿದ ಲಿಂಬೆಯ ಫೋಟೋ, ಕಟ್ಟಿಹಾಕಿದ ಕತ್ತೆಯ ಫೋಟೋ. ಸೌದೆ ಹೊತ್ತು ಬರುತ್ತಿದ್ದ ಹೆಂಗಸೊಬ್ಬಳು ಮುಖಕ್ಕೆ ತಲೆವಸ್ತ್ರ ಎಳೆದುಕೊಂಡು ಗೋಡೆಯ ಕಡೆ ತಿರುಗಿದಳು. ಇಸಾಬೆಲ್ಲಾ ಗೋಡೆಯ ಆ ಬದಿಗೆ ಹೋಗಿ ಅಲ್ಲಿಂದಲೂ ತೆಗೆದಳು.

"ಸೇಮ್ ಗ್ರೀಸ್," ಎಂದಳು. "ಬಣ್ಣ ಒಂದು ಇಲ್ಲ. ಇವರೂ ಸ್ವಲ್ಪ ಸುಣ್ಣ ಹೊಡೆದು ಬಾಗಿಲಿಗೆ ನೀಲಿ ಕೊಟ್ರೆ ಎಷ್ಟು ಚೆಂದ ಆಗ್ತದೆ."

ಖಲ್ಫಾನ್ ಅಜ್ಜ ಬಿಳಿಯ ನಿಲುವಂಗಿಯಲ್ಲಿ ಬೆತ್ತ ಊರುತ್ತ ಬಂದರು. ಆಲ್ಫ್ರೆಡ್‌ನ ಕೈ ಹಿಡಿದು ಆರೋಗ್ಯ, ಮನೆ, ಮಕ್ಕಳು ಎಲ್ಲ ಕ್ಷೇಮವೇ ಎಂದು ವಿಚಾರಿಸಿದರು. ಒಮಾನಿನಲ್ಲಿ ತಲೆ ನರೆಸಿಕೊಂಡ ಆಲ್ಫ್ರೆಡ್‌ಗೆ ಖಲಾಸ್, ಯಲ್ಲಾ, ಶುಕ್ರನ್ ಬಿಟ್ಟು ಬೇರೆ ಅರಬ್ಬಿ ಬರುವುದಿಲ್ಲ. ಮೂರನ್ನೂ ಒಟ್ಟಿಗೆ ಹೇಳಿದ.

"ಜಗಲಿಗೆ ಕರೆದುಕೊಂಡು ಬಾ," ಎಂದರು ಅಜ್ಜ ಸ್ಯಾವಿಯೋಗೆ. "ಕಾಫಿ ಇಡುತ್ತೇನೆ."

ಸ್ಯಾವಿಯೋ ಅದನ್ನು ಹೇಳಿದಾಗ ಇಸಾಬೆಲ್ಲಾ ಮೂಗು ಸುಕ್ಕಿಸಿದಳು. "ಈಗಲೇ ಒಳಗೆ ಕೂರುದಾ? ಸ್ವಲ್ಪ ಸುತ್ತುವಾ. ನೀನು ಹೋಗಿ ಅವರಿಗೆ ಹೆಲ್ಪ್ ಮಾಡು. ಕಾಫಿ ಹೊಯ್ಯುವಾಗ ಕರಿ, ಅದರ ವಿಡಿಯೋ ಬೇಕು ನನಗೆ."

ಅವನು ಹೋದ. ಚಾಪೆ ಕೊಡವಿ ಹಾಸಿದ, ಕಾಫಿ ಬೀಜ ಹುರಿದು ಕುಟ್ಟಿದ, ಖರ್ಜೂರದ ತಟ್ಟೆ ತಂದಿಟ್ಟ. ಅಜ್ಜ ಕಾಫಿಯ ದಲ್ಲಾವನ್ನು, ಎಂದರೆ ಉದ್ದ ಕೊಕ್ಕಿನ ಹಿತ್ತಾಳೆಯ ಹೂಜಿಯನ್ನು, ಕೆಂಡದ ಪಕ್ಕ ಇಟ್ಟು ಏಲಕ್ಕಿ ಜಜ್ಜುತ್ತಿದ್ದರು.

"ನಿನ್ನ ಊರಿನವರೇ?" ಎಂದು ಕೇಳಿದರು.

"ಹೌದು."

"ಹಾಗಾದರೆ ನನ್ನ ಮನೆಯವರೇ," ಎಂದರು ಅಜ್ಜ.

ಆ ಮಾತು ಸ್ಯಾವಿಯೋನ ಎದೆಯಲ್ಲಿ ಮುಳ್ಳಿನಂತೆ ನಿಂತಿತು. ಆಲ್ಫ್ರೆಡ್‌ನ ಡಿಕ್ಕಿ ನೆನಪಾಯಿತು. ಎದ್ದು ಹೋಗಿ ನೋಡಿಬರುವುದೇ ಎಂದು ಯೋಚಿಸುವಷ್ಟರಲ್ಲಿ ಮೇಲಿನಿಂದ ಹೆಂಗಸಿನ ಕೂಗು ಕೇಳಿತು. ಅಜ್ಜನ ಹೆಸರು ಹಿಡಿದು ಕರೆಯುತ್ತಿದ್ದಳು. ಕೂಗಿನಲ್ಲಿ ಸಿಟ್ಟಿಗಿಂತ ಗಾಬರಿ ಇತ್ತು.

ಸುರಂಗದ ಬಾಯಿಯ ಹತ್ತಿರ ಒಂದು ಹಳೆಯ ಮಾವಿನ ಮರ ಇದೆ. ಊರಿನಲ್ಲಿ ಅತಿ ದಟ್ಟ ನೆರಳು ಅದರದ್ದೇ. ಅದರ ಕೆಳಗೆ ಪ್ಲಾಸ್ಟಿಕ್ ಚಾಪೆ ಹಾಸಿತ್ತು. ಕಾಗದದ ತಟ್ಟೆ, ಕೋಲಾ ಬಾಟಲಿ, ಇಡ್ಲಿಯಂಥ ಸಣ್ಣಾಂ ತುಂಬಿದ ಡಬ್ಬ ಹರಡಿದ್ದವು. ಹಸಿವಾಯಿತು, ನೆರಳಿತ್ತು, ಉಂಡುಬಿಟ್ಟಿದ್ದರು. ಮತ್ತು ಮೇಲಿನ ಮೆಟ್ಟಿಲಲ್ಲಿ, ಯಾರೂ ಕಾಲಿನ ಬೆರಳೂ ಅದ್ದದ ಜಾಗದಲ್ಲಿ, ಇಸಾಬೆಲ್ಲಾ ಪ್ಯಾಂಟಿನ ಅಂಚು ಮಡಚಿ ಮೊಣಕಾಲವರೆಗೆ ನೀರಲ್ಲಿ ನಿಂತು ಬಫಾತಿನ ಪಾತ್ರೆ ತಿಕ್ಕುತ್ತಿದ್ದಳು. ಹಸಿರು ಸೋಪಿನ ಬಾಟಲಿಯನ್ನು ಕಲ್ಲಿನ ಮೇಲೆ ಇಟ್ಟುಕೊಂಡಿದ್ದಳು. ಕೆಂಪು ಎಣ್ಣೆ, ನೊರೆ, ಕೊಬ್ಬಿನ ಬಿಳಿ ಚೂರುಗಳು ಒಂದರ ಹಿಂದೆ ಒಂದು ಮಸೀದಿಯ ಕಡೆ ತೇಲಿ ಹೋಗುತ್ತಿದ್ದವು.

ಎರಡು ಮೆಟ್ಟಿಲು ಕೆಳಗೆ ಕೂಗಿದ ಹೆಂಗಸು ತುಂಬಿದ ಕೊಡದೊಂದಿಗೆ ನಿಂತಿದ್ದಳು. ಕೊಡದ ಬಾಯಲ್ಲಿ ಕೆಂಪು ಪದರ ತೇಲುತ್ತಿತ್ತು. ಅವಳ ಹಿಂದೆ ಇನ್ನೂ ಇಬ್ಬರು ಹೆಂಗಸರು ಬಂದು ನಿಂತರು.

"ಆಂಟಿ, ಎಂತ ಮಾಡಿದ್ರಿ ನೀವು," ಎಂದ ಸ್ಯಾವಿಯೋ.

"ಎಣ್ಣೆ ಪಾತ್ರೆ ಡಿಕ್ಕಿಗೆ ಹಾಕಿದ್ರೆ ಕಾರ್ಪೆಟ್ ಹಾಳಾಗ್ತದೆ ಮಾರಾಯಾ. ಹರಿಯುವ ನೀರಲ್ವಾ, ಹೋಗ್ತದೆ. ನಮ್ಮ ಊರಲ್ಲಿ ತೋಡಿನಲ್ಲಿ ತೊಳಿಯುದಿಲ್ವಾ ನಾವು?"

ಅವಳು ಹೇಳಿದ್ದು ಸುಳ್ಳಲ್ಲ. ಶಿರ್ವದಲ್ಲಿ ಮನೆಯ ಹಿಂದೆ ತೋಡು ಹರಿಯುತ್ತದೆ, ಮೀನು ತೊಳೆಯುವುದೂ ಅಲ್ಲೇ, ಪಾತ್ರೆಯೂ ಅಲ್ಲೇ. ಕುಡಿಯಲು ಅಂಗಳದಲ್ಲಿ ಬಾವಿ ಬೇರೆ ಇರುತ್ತದೆ. ಈ ಊರಿಗೆ ಬಾವಿ ಎಂದರೂ ಇದೇ, ತೋಡು ಎಂದರೂ ಇದೇ. ಅದನ್ನು ದಾರಿಯಲ್ಲಿ ಹೇಳಿದ್ದನಲ್ಲ. ಹೇಳಿದವನು ಒಂಬತ್ತನೇ ಕ್ಲಾಸು ಎಂದ ಮೇಲೆ ಕೇಳಿಸಿಕೊಳ್ಳುವ ಅಗತ್ಯ ಯಾರಿಗಿದೆ.

ಅಜ್ಜ ನಿಧಾನಕ್ಕೆ ಬಂದರು. ಕೊಡ ನೋಡಿದರು, ನೀರು ನೋಡಿದರು. ಬಗ್ಗಿ ಒಂದು ಬಿಳಿ ಚೂರನ್ನು ಬೆತ್ತದ ತುದಿಯಿಂದ ತಡೆದು ಅಂಚಿಗೆ ಎಳೆದರು.

"ಪಾತ್ರೆಯಲ್ಲಿ ಏನಿತ್ತು?" ಎಂದು ಸ್ಯಾವಿಯೋನನ್ನು ಕೇಳಿದರು.

"ಪಾತ್ರೆಯಲ್ಲಿ ಎಂತ ಇತ್ತು ಅಂತ ಕೇಳ್ತಿದ್ದಾರೆ," ಎಂದ ಸ್ಯಾವಿಯೋ.

ಆಲ್ಫ್ರೆಡ್‌ನ ಮುಖದ ಬಣ್ಣ ಇಳಿಯಿತು. ಹತ್ತಿರ ಬಂದು ಸ್ಯಾವಿಯೋನ ಹೆಗಲ ಮೇಲೆ ಕೈ ಹಾಕಿದ. ಹಿಂದೆಂದೂ ಹಾಕಿರಲಿಲ್ಲ.

"ಚಿಕನ್ ಅಂತ ಹೇಳು ಪುತಾ. ಮತ್ತೆ ಇಲ್ಲಿ ತೊಳಿಬಹುದೂಂತ ನೀನೇ ಹೇಳಿದ್ದು, ನಮಗೆ ಗೊತ್ತಿರ್ಲಿಲ್ಲ ಅಂತ ಹೇಳು."

"ನಾನು ಹಾಗೆ ಹೇಳ್ಲಿಲ್ಲ ಅಂಕಲ್."

"ಗೊತ್ತುಂಟು ಮಾರಾಯಾ. ನೀನು ಅವರ ಪರಿಚಯದವ, ನಿನ್ನನ್ನು ಎಂತ ಮಾಡ್ಲಿಕ್ಕಿಲ್ಲ. ನಂದು ಪೊಸಿಷನ್ ನೋಡು. ಪೊಲೀಸ್ ಗಿಲೀಸ್ ಅಂತಾದ್ರೆ ಕಂಪನಿಯಲ್ಲಿ ನಾನು ಮುಖ ತೋರಿಸ್ಲಿಕ್ಕುಂಟಾ?" ಹೆಗಲನ್ನು ಸ್ವಲ್ಪ ಒತ್ತಿದ. "ಭಾನುವಾರವೇ ನಿನ್ನ ಕೆಲಸದ ಮಾತಾಡ್ತೇನೆ. ದೇವರಾಣೆ."

ಅರಬ್ಬಿಯಲ್ಲಿ ಕೋಳಿಗೆ ದಜಾಜ್ ಎನ್ನುತ್ತಾರೆ. ನಾಲಿಗೆ ಮಡಚಿದರೆ ಸಾಕು, ಸುಲಭದ ಶಬ್ದ. ಅದನ್ನು ಹೇಳಿದರೆ ಎಲ್ಲ ಉಳಿಯುತ್ತದೆ. ಆಲ್ಫ್ರೆಡ್‌ನ ಮಾನ ಉಳಿಯುತ್ತದೆ, ಕೆಲಸ ಸಿಗುತ್ತದೆ, ಅಜ್ಜ ಗೊಣಗಿ ಸುಮ್ಮನಾಗುತ್ತಾರೆ, ಕಾಫಿಯ ಚಾಪೆಯೂ ಹಾಸಿದ ಹಾಗೇ ಇರುತ್ತದೆ. ಹೆಂಗಸರು ಮೇಲಿನ ಪದರ ಚೆಲ್ಲಿ ಉಳಿದ ನೀರನ್ನು ಮನೆಗೆ ಒಯ್ಯುತ್ತಾರೆ. ಅದರಲ್ಲಿ ಅಕ್ಕಿ ಬೇಯುತ್ತದೆ, ಮಕ್ಕಳು ಕುಡಿಯುತ್ತಾರೆ. ಕೆಳಗೆ ಗಂಡಸರು ಜುಮಾ ನಮಾಜಿಗೆ ಮುಂಚೆ ಅದರಲ್ಲೇ ಮುಖ ತೊಳೆಯುತ್ತಾರೆ. ಮುಂದಿನ ವಾರ ಅಜ್ಜ ಕಪ್ಪು ತುಂಬಿಸಿ ಯಾ ವಲದಿ ಎನ್ನುತ್ತಾರೆ. ಆಗ ಅದನ್ನು ನುಂಗಬೇಕಲ್ಲ.

"ಖಿಂಜೀರ್," ಎಂದ ಸ್ಯಾವಿಯೋ. ಹಂದಿ ಎಂದು.

ಕೊಡ ಹಿಡಿದವಳು ಒಂದು ಹೆಜ್ಜೆ ಹಿಂದೆ ಸರಿದಳು. ಅವಳು ಸರಿದದ್ದು ನೋಡಿ ಆಲ್ಫ್ರೆಡ್‌ಗೂ ಅರ್ಥವಾಯಿತು. ಹೆಗಲ ಮೇಲಿನ ಕೈ ತಾನಾಗಿಯೇ ಬಿದ್ದುಹೋಯಿತು.

ಅಜ್ಜ ಬೆತ್ತದ ತುದಿಯನ್ನು ಮರಳಿಗೆ ಉಜ್ಜಿದರು. ಆಮೇಲೆ, "ತಂದದ್ದು ನಿನಗೆ ಗೊತ್ತಿತ್ತೇ?" ಎಂದರು.

"ಗೊತ್ತಿತ್ತು. ದಾರಿಯಲ್ಲಿ ಗೊತ್ತಾಯಿತು."

"ಆದರೂ ಮೇಲೆ ತಂದೆ."

ಅಜ್ಜ ಕಾಲುವೆಯ ಪಕ್ಕದ ಕಲ್ಲಿನ ಚಪ್ಪಡಿಯ ಹತ್ತಿರ ಕುಳಿತು, ಸಂದಿಗೆ ತುರುಕಿದ್ದ ಹಳೆಯ ಬಟ್ಟೆಯನ್ನು ಎಳೆದು, ಚಪ್ಪಡಿ ಎತ್ತಿದರು. ನೀರು ಊರಿನ ದಾರಿ ಬಿಟ್ಟು ಬಂಡೆಯ ಮೇಲಿಂದ ಕೆಳಗಿನ ಒಣಹೊಳೆಗೆ ಧುಮುಕಿತು. ಯಾರದ್ದೋ ತೋಟದ ಸರದಿಯ ನೀರು ಕಲ್ಲಿನ ಮೇಲೆ ಸುರಿದು ಹೋಗುತ್ತಿತ್ತು. ಹೆಂಗಸರು ಒಬ್ಬರ ನಂತರ ಒಬ್ಬರು ಕೊಡ ಬಗ್ಗಿಸಿದರು. ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಊರಿನಲ್ಲಿ ನೀರಿನ ಸದ್ದು ನಿಂತಿತು. ಅದು ನಿಂತರೆ ಆ ಊರು ಎಷ್ಟು ಮೌನ ಎನ್ನುವುದು ಸ್ಯಾವಿಯೋಗೆ ಅವತ್ತೇ ಗೊತ್ತಾದದ್ದು.

"ಹರಿಯುವ ನೀರು ತನ್ನನ್ನು ತಾನು ತೊಳೆದುಕೊಳ್ಳುತ್ತದೆ," ಎಂದರು ಅಜ್ಜ. "ಆದರೆ ಈ ಹೆಂಗಸರು ನಾಳೆ ಇಲ್ಲಿ ಕೊಡ ಮುಳುಗಿಸುವಾಗ ಏನು ನೆನೆಸಿಕೊಳ್ಳುತ್ತಾರೆ? ಅದನ್ನು ತೊಳೆಯುವವರು ಯಾರು?"

ಆಮೇಲೆ ಆಲ್ಫ್ರೆಡ್‌ನ ಕಡೆ ತಿರುಗಿ, ಎದೆಯ ಮೇಲೆ ಕೈಯಿಟ್ಟು ಜಗಲಿಯ ದಾರಿ ತೋರಿಸಿದರು. "ಅತಿಥಿಗಳು ಬಿಸಿಲಲ್ಲಿ ನಿಂತಿದ್ದಾರೆ. ಕೂರಿಸಬೇಕು," ಎಂದರು ಸ್ಯಾವಿಯೋಗೆ. ಅವನೂ ಹಿಂದೆ ಹೊರಟಾಗ ಬೆತ್ತ ಅಡ್ಡ ಬಂತು. ಗೋಡೆಗೆ ಒರಗಿಸಿದ್ದ ಖರ್ಜೂರದ ಗರಿಯ ಪೊರಕೆಯನ್ನು ಎತ್ತಿ ಅವನ ಕೈಗೆ ಕೊಟ್ಟರು. "ನೀನು ಅತಿಥಿಯಲ್ಲ. ನೀನು ಈ ಮನೆಯವನು. ಮನೆಯವನು ತೊಳೆಯಬೇಕು."

ಅವನು ತೊಳೆದ. ಮರಳು ಹಾಕಿ, ನಾರು ಹಾಕಿ, ಮೊಣಕಾಲೂರಿ ಗಾರೆಯನ್ನು ಉಜ್ಜಿದ. ಮೇಲಿನ ಮೆಟ್ಟಿಲಿನಿಂದ ಮಸೀದಿಯ ತೊಟ್ಟಿಯವರೆಗೆ, ಜಿಡ್ಡು ಹಿಡಿದ ಒಂದೊಂದು ಮೂಲೆಯನ್ನೂ. ಜುಮಾಕ್ಕೆ ಬಂದ ಗಂಡಸರು ಮನೆಯಿಂದ ಬಾಟಲಿಗಳಲ್ಲಿ ನೀರು ತಂದು ಕೈಕಾಲು ತೊಳೆದುಕೊಂಡು ಅವನನ್ನು ದಾಟಿ ಹೋದರು. ಹೋದ ವಾರ ಅವನ ಬೆನ್ನು ತಟ್ಟಿದವರು ಅವರೇ. ಇಂದು ಯಾರ ಕಣ್ಣೂ ಅವನ ಕಡೆ ಹೊರಳಲಿಲ್ಲ.

ಅಜ್ಜ ನಮಾಜು ಮುಗಿಸಿ ಬಂದು ಕಾಫಿ ಹೊಯ್ಯಲು ಕುಳಿತರು. ಕಾಲುವೆಯಿಂದ ಜಗಲಿ ಕಾಣುತ್ತಿತ್ತು. ಮೊದಲ ಕಪ್ಪು ಆಲ್ಫ್ರೆಡ್‌ಗೆ, ಎರಡನೆಯದು ಇಸಾಬೆಲ್ಲಾಗೆ. ಇಸಾಬೆಲ್ಲಾ ಒಂದು ಗುಟುಕು ಕುಡಿದು ಕಪ್ಪು ಕೆಳಗಿಟ್ಟು ವಿಡಿಯೋ ತೆಗೆಯತೊಡಗಿದಳು. ಆಲ್ಫ್ರೆಡ್ ಹೆದರಿಕೆಗೆ ಗಟಗಟ ಕುಡಿದು ಕಪ್ಪು ವಾಪಸ್ ಚಾಚಿದ. ಅಜ್ಜ ತುಂಬಿಸಿದರು. ಮತ್ತೆ ಕುಡಿದ, ಮತ್ತೆ ಚಾಚಿದ. ಅಲುಗಿಸದ ಕಪ್ಪು ಇನ್ನೂ ಬೇಕು ಎನ್ನುವ ಕಪ್ಪು. ಅಜ್ಜ ತುಂಬಿಸುತ್ತಲೇ ಹೋದರು. ಬೇಡ ಎಂದರೆ ಅಪರಾಧವಾಗುತ್ತದೇನೋ ಎಂದು ಆಲ್ಫ್ರೆಡ್ ಬೆವರುತ್ತ ಕುಡಿಯುತ್ತಲೇ ಹೋದ. ಕಹಿಗೆ ಅವನ ಮುಖ ಹಿಂಡಿದ ಲಿಂಬೆಯ ಹಾಗಾಗಿತ್ತು.

"ಸ್ಯಾವಿಯೋ, ಇವರು ನಿಲ್ಲಿಸ್ತಾನೇ ಇಲ್ವಲ್ಲ ಮಾರಾಯಾ," ಎಂದು ಅಲ್ಲಿಂದಲೇ ಕರೆದ. "ಎಂತ ಹೇಳ್ಬೇಕು?"

ಕಪ್ಪು ಅಲುಗಿಸಿ ಅಂಕಲ್ ಎಂದರೆ ಮುಗಿಯುತ್ತಿತ್ತು. ಸ್ಯಾವಿಯೋ ಕೇಳಿಸದವನಂತೆ ಪೊರಕೆ ಎಳೆದ. ಕುಡಿ, ಎಂದುಕೊಂಡ. ಹೊಟ್ಟೆ ಒಡೆಯುವವರೆಗೆ ಕುಡಿ. ಆ ದಿನದಲ್ಲಿ ಅವನಿಗೆ ಸಿಕ್ಕ ಸುಖ ಅದೊಂದೇ.

ತೊಳೆದು ಮುಗಿದಾಗ ಅಜ್ಜ ಬಂದು ನೋಡಿದರು. ಅಂಗೈಯನ್ನು ಗಾರೆಯ ಮೇಲೆ ಎಳೆದು ಮೂಸಿದರು. ಚಪ್ಪಡಿ ಮುಚ್ಚಿ ಬಟ್ಟೆ ತುರುಕಿದರು. ನೀರು ಮತ್ತೆ ಊರಿನ ದಾರಿ ಹಿಡಿಯಿತು. ಸ್ಯಾವಿಯೋ ಅವರ ಹಿಂದೆ ಜಗಲಿಗೆ ಹೋಗಿ ಚಾಪೆಯ ಅಂಚಿನಲ್ಲಿ ಕುಳಿತ. ಆಲ್ಫ್ರೆಡ್ ಆಗಲೇ ಹೆಂಡತಿ ಮಗಳೊಂದಿಗೆ ಗಾಡಿ ಸೇರಿ ಹಾರ್ನ್ ಹೊಡೆಯುತ್ತಿದ್ದ.

ಅಜ್ಜ ರೂಢಿಯ ಮೇಲೆ ಕಪ್ಪನ್ನು ಕೈಗೆತ್ತಿಕೊಂಡು ದಲ್ಲಾ ಬಗ್ಗಿಸಿದರು. ಕೊಕ್ಕಿನಿಂದ ಎರಡು ಹನಿ ಬಿತ್ತು, ಜಜ್ಜಿದ ಏಲಕ್ಕಿಯ ಸಿಪ್ಪೆ ಬಿತ್ತು. ಎಲ್ಲವನ್ನೂ ಆಲ್ಫ್ರೆಡ್ ಕುಡಿದು ಹೋಗಿದ್ದ. ಬೇರೆ ದಿನವಾಗಿದ್ದರೆ ಅಜ್ಜ ಇನ್ನೊಂದು ಕಾಯಿಸಲು ಏಳುತ್ತಿದ್ದರು. ಏಳಲಿಲ್ಲ. ಖಾಲಿ ಕಪ್ಪನ್ನು ಬೋರಲು ಹಾಕಿದರು.

"ನೀನು ಸುಳ್ಳು ಹೇಳಲಿಲ್ಲ. ಅದನ್ನು ನಾನು ಊರಿನವರಿಗೆ ಹೇಳುತ್ತೇನೆ," ಎಂದರು. "ಆದರೆ ಅವರಿಗೆ ನಿನ್ನ ಗಾಡಿಯ ಸದ್ದು ಕೇಳಿದಾಗಲೆಲ್ಲ ಇವತ್ತಿನದು ನೆನಪಾಗುತ್ತದೆ. ಮುಂದಿನ ವಾರದಿಂದ ಸಾಮಾನನ್ನು ಕೆಳಗೆ, ಹೊಳೆಯ ಬಳಿಯ ಮರದ ಹತ್ತಿರ ಇಳಿಸು. ನಮ್ಮವರು ಬಂದು ಹೊತ್ತುಕೊಳ್ಳುತ್ತಾರೆ."

"ಎಷ್ಟು ದಿನ ಶೈಬಾ?"

ಅಜ್ಜ ಅವನ ತಲೆಯ ಮೇಲೆ ಕೈಯಿಟ್ಟರು. ಯಾ ವಲದಿ ಎನ್ನುತ್ತಾರೇನೋ ಎಂದು ಅವನು ಕಾದ. ಕೈ ತೆಗೆದು, ಬೆತ್ತ ಊರಿ ಒಳಗೆ ಹೋದರು.

ಸ್ಯಾವಿಯೋ ಗಾಡಿ ಹತ್ತಿ ಇಳಿಜಾರಿನ ಮೊದಲ ತಿರುವು ದಾಟಿಸಿದ. ಊರು ಕಣ್ಣಿಗೆ ಮರೆಯಾದದ್ದೇ ಆಲ್ಫ್ರೆಡ್‌ಗೆ ಧೈರ್ಯ ಬಂತು.

"ಚಿಕನ್ ಅಂತ ಹೇಳ್ಲಿಕ್ಕೆ ನಿನಗೆ ಎಂತ ಕಷ್ಟ ಇತ್ತು? ಒಂದು ಮಾತು. ಇಷ್ಟೂ ಬುದ್ಧಿ ಇಲ್ಲದವನಿಗೆ ಆಫೀಸ್ ಕಾರು ಹೇಗೆ ಕೊಡುದು? ನಾಳೆ ಬಾಸಿನ ಮುಂದೆ ಎಂತ ಬೊಗಳ್ತಿಯೋ ಯಾರಿಗೆ ಗೊತ್ತು."

"ಕೊಡ್ಬೇಡಿ ಅಂಕಲ್."

"ಇಲ್ಲ ಅಂತಲ್ಲ, ನೋಡುವಾ ಅಂದೆ."

"ನೋಡುದೂ ಬೇಡ."

ತಿರುವಿನಲ್ಲಿ ಸ್ಯಾವಿಯೋ ಬ್ರೇಕ್ ಒತ್ತಿದ. ಎಡಕ್ಕೆ ಬೆಟ್ಟ, ಬಲಕ್ಕೆ ಬರೀ ಗಾಳಿ. ಕೀಲಿ ಗಾಡಿಯಲ್ಲೇ ಬಿಟ್ಟು ಇಳಿದು ನಡೆದುಬಿಡಬೇಕು, ಇವನು ಹೇಗೆ ಇಳಿಸುತ್ತಾನೋ ಇಳಿಸಲಿ ಎಂದು ಬಾಗಿಲ ಹಿಡಿಗೆ ಕೈ ಹಾಕಿದ. ಕನ್ನಡಿಯಲ್ಲಿ ವನೆಸ್ಸಾ ಕಂಡಳು. ಇಯರ್‌ಫೋನ್ ತೆಗೆದಿದ್ದಳು, ಸೀಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕಿಟಕಿಯಾಚೆಯ ಆಳವನ್ನೇ ನೋಡುತ್ತಿದ್ದಳು. ಸ್ಯಾವಿಯೋ ಕೈ ತೆಗೆದು ಮತ್ತೆ ಗೇರ್ ಹಾಕಿದ. ಸಿಟ್ಟು ತೀರಿಸಿಕೊಳ್ಳಲಿಕ್ಕೂ ಈ ಜನ ಜಾಗ ಬಿಡುವುದಿಲ್ಲ.

ಹಿಂದೆ ಇಸಾಬೆಲ್ಲಾ ಮೊಬೈಲಿಗೆ ಸಿಗ್ನಲ್ ಬಂದದ್ದಕ್ಕೆ ಖುಷಿಯಾಗಿದ್ದಳು. "ವಿಡಿಯೋ ಎಷ್ಟು ಚೆಂದ ಬಂದಿದೆ ನೋಡು. ಗ್ರೂಪಿಗೆ ಹಾಕಿದೆ. ಕ್ಯಾರೆನ್ ಆಗಲೇ ಕೇಳ್ತಿದ್ದಾಳೆ, ಇದು ಗ್ರೀಸಾ ಅಂತ. ನಮಗೂ ಲೊಕೇಶನ್ ಕಳಿಸು ಅಂತ." ಸ್ವಲ್ಪ ಹೊತ್ತು ಬಿಟ್ಟು, "ಲೊಕೇಶನ್ ಎಂತ ಸ್ಯಾವಿಯೋ?" ಎಂದಳು.

"ಗೊತ್ತಿಲ್ಲ ಆಂಟಿ."

"ವಾರ ವಾರ ಹೋಗುವವನಿಗೆ ಗೊತ್ತಿಲ್ವಾ?"

"ನೈಂತ್ ಅಲ್ವಾ ಆಂಟಿ. ಗೊತ್ತಾಗುದಿಲ್ಲ."

ಬೆಟ್ಟದ ಬುಡದಲ್ಲಿ, ಒಣಹೊಳೆಯ ದಾರಿ ಶುರುವಾಗುವಲ್ಲಿ, ಆ ಮುಳ್ಳುಮರ ಒಂಟಿಯಾಗಿ ನಿಂತಿತ್ತು. ಮೇಲಿನಿಂದ ಬಿದ್ದ ನೀರು ಅಲ್ಲಿಯವರೆಗೆ ಹರಿದು ಬಂದು ಕಲ್ಲಿನ ಸಂದಿಯಲ್ಲಿ ಇಂಗಿತ್ತು. ಸ್ಯಾವಿಯೋ ಗಾಡಿ ನಿಲ್ಲಿಸಿ ಇಳಿದ. ಮರದ ನೆರಳು ಜಾಳುಜಾಳಾಗಿತ್ತು. ಮೂಟೆಗಳಲ್ಲಿ ಅರ್ಧಕ್ಕೂ ಸಾಕಾಗುವಷ್ಟು ಇರಲಿಲ್ಲ. ಮುಂದಿನ ವಾರದ ಹಿಟ್ಟಿನ ಮೂಟೆ ನೆಲದ ತೇವಕ್ಕೆ ತಾಗಬಾರದು. ಅವನು ಹೊಳೆಯಿಂದ ಚಪ್ಪಟೆ ಕಲ್ಲುಗಳನ್ನು ಎತ್ತಿ ತಂದು ಬುಡದಲ್ಲಿ ಒಂದರ ಪಕ್ಕ ಒಂದು ಜೋಡಿಸತೊಡಗಿದ.

ಕಿಟಕಿಯ ಗಾಜು ಇಳಿಯಿತು.

"ಅಲ್ಲಿ ಎಂತ ಉಂಟು ಪುತಾ?" ಎಂದು ಇಸಾಬೆಲ್ಲಾ ಕೇಳಿದಳು. "ಫೋಟೋ ತೆಗಿಲಿಕ್ಕೆ ಉಂಟಾ ಏನಾದ್ರೂ?"

"ಎಂತ ಇಲ್ಲ ಆಂಟಿ," ಎಂದ ಅವನು, ಇನ್ನೊಂದು ಕಲ್ಲು ಎತ್ತುತ್ತ.